ನಲವತ್ತಾರರ ಮೂರನೇ ಬೇರು

ಸಂಕ್ರಾಂತಿ ಕಳೆದು ನಾಲ್ಕು ದಿನ ಆಗಿತ್ತು. ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೇ ಆ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ತಿಪಟೂರು ಹತ್ತಿರದ ಹಳ್ಳಿಯವರು. ವಯಸ್ಸು 41. ಕೊಬ್ಬರಿ ಮಾಡುವ ಕಡೆ ಕೂಲಿ ಕೆಲಸ. ಮುಖ ಊದಿರಲಿಲ್ಲ, ಜ್ವರ ಇರಲಿಲ್ಲ.

"ಎಳ್ಳು ಬೆಲ್ಲ ತಿಂದೆ ಡಾಕ್ಟ್ರೇ. ಒಂದು ಕೊಬ್ಬರಿ ಚೂರು ಬಲಗಡೆ ಹಲ್ಲಿಗೆ ಸಿಕ್ತು ನೋಡಿ, ಜೀವ ಹೋದ ಹಾಗಾಯ್ತು. ಅದೂ ನರ ತೆಗೆಸಿದ ಹಲ್ಲು. ನರಾನೇ ಇಲ್ಲ ಅಂದ್ಮೇಲೆ ನೋವು ಎಲ್ಲಿಂದ ಬರ್ತದೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಈ ಬರಹ ಪೂರ್ತಿ ಅದಕ್ಕೆ ಹುಡುಕಿದ ಉತ್ತರ.

ಹಿಂದಿನ ಕಥೆ ಇಷ್ಟು. ಹದಿನಾಲ್ಕು ತಿಂಗಳ ಹಿಂದೆ ಬೇರೆ ಊರಿನಲ್ಲಿ ಆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಮೂರು ಸಲ ಓಡಾಡಿದ್ದರು. ಆಮೇಲೆ ಕ್ಯಾಪ್ ಹಾಕಿಸಿಕೊಂಡಿದ್ದರು. ರಾತ್ರಿ ನಿದ್ದೆ ಕೆಡಿಸುತ್ತಿದ್ದ ಆ ಮೊದಲಿನ ನೋವು ನಿಂತಿತ್ತು. ಆದರೆ ಗಟ್ಟಿ ಪದಾರ್ಥ ಕಚ್ಚಿದಾಗ ಚುಳ್ ಅನ್ನುವುದು ಮಾತ್ರ ಹೋಗಲೇ ಇಲ್ಲ. ಎರಡು ಸಲ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿದ್ದರು. ನುಂಗಿದಾಗ ಕಡಿಮೆ, ಬಿಟ್ಟರೆ ಮತ್ತೆ ಅದೇ. ಒಂದು ವರ್ಷದಿಂದ ಎಡಗಡೆಯಲ್ಲಷ್ಟೇ ಅಗಿಯುತ್ತಿದ್ದರು. "ಮುದ್ದೆ ಆದ್ರೆ ಪರವಾಗಿಲ್ಲ, ನುಂಗಿಬಿಡ್ತೀನಿ. ರೊಟ್ಟಿ ಆಗಲ್ಲ" ಎಂದರು. ಹೊರಡುವ ಮಾತಿನಂತೆ ಇನ್ನೊಂದು ಸೇರಿಸಿದರು: ಬೆಳಿಗ್ಗೆ ಎದ್ದಾಗ ಬಾಯಿ ಉಪ್ಪುಪ್ಪು ಇರುತ್ತದಂತೆ.

ಆ ಕೊನೆಯ ಮಾತು ನನ್ನ ಕಿವಿ ನೆಟ್ಟಗೆ ಮಾಡಿತು. ಉಪ್ಪುಪ್ಪು ಅಂದರೆ ಎಲ್ಲೋ ಕೀವು ಒಸರುತ್ತಿರಬಹುದು.

ಬಾಯಿ ನೋಡಿದೆ. ನೋವಿನ ಹಲ್ಲು 46. ಈ ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಾಯಿಯನ್ನು ನಾಲ್ಕು ಭಾಗ ಮಾಡಿಕೊಳ್ಳುತ್ತೇವೆ. ಕೆಳಗಿನ ಬಲಭಾಗ ನಾಲ್ಕನೆಯದು. ಮುಂದಿನ ನಡು ಹಲ್ಲಿನಿಂದ ಎಣಿಸುತ್ತ ಹಿಂದಕ್ಕೆ ಹೋದರೆ ಆರನೆಯದು ಮೊದಲ ದವಡೆ ಹಲ್ಲು. ಹಾಗಾಗಿ ನಾಲ್ಕು, ಆರು. ಎಡಗಡೆಯ ಅದರ ಜೋಡಿ 36.

ಕ್ಯಾಪ್ ಚೆನ್ನಾಗಿಯೇ ಕೂತಿತ್ತು. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿದೆ. ಮುಂದಿನ 45 ಏನೂ ಅನ್ನಲಿಲ್ಲ. ಹಿಂದಿನ 47 ಕೂಡ. 46 ತಟ್ಟಿದಾಗ ಕುರ್ಚಿಯ ಕೈ ಹಿಡಿದುಕೊಂಡರು. ನನ್ನ ಮೊದಲ ಅನುಮಾನ ಬೇರಿನ ಬಿರುಕಿನ ಮೇಲೆ. ನರ ತೆಗೆದ ಹಲ್ಲಿನಲ್ಲಿ ಬೇರು ಉದ್ದಕ್ಕೆ ಸೀಳಿದರೆ ಹೀಗೇ ಆಗುತ್ತದೆ, ಅಂಥ ಹಲ್ಲನ್ನು ಸಾಮಾನ್ಯವಾಗಿ ಉಳಿಸುವುದಕ್ಕೆ ಆಗುವುದಿಲ್ಲ. ವಸಡಿನ ಸುತ್ತ ಅಳತೆ ಕಡ್ಡಿ ಇಳಿಸಿ ನೋಡಿದೆ. ಬಿರುಕು ಇದ್ದರೆ ಒಂದು ಕಡೆ ಮಾತ್ರ ಕಡ್ಡಿ ಸಟ್ಟನೆ ಆಳಕ್ಕೆ ಹೋಗುತ್ತದೆ. ಇಲ್ಲಿ ಸುತ್ತಲೂ 2, 3 ಮಿಲಿಮೀಟರ್ ಅಷ್ಟೇ. ಸ್ವಲ್ಪ ಸಮಾಧಾನ ಆಯಿತು.

ಕೆನ್ನೆ ಕಡೆ ವಸಡು ಸ್ವಚ್ಛವಾಗಿತ್ತು. ಅಲ್ಲಿಗೆ ಬಿಡಬಹುದಿತ್ತು. ನಾಲಿಗೆಯನ್ನು ಕನ್ನಡಿಯಿಂದ ಪಕ್ಕಕ್ಕೆ ಒತ್ತಿ ಒಳಗಡೆ ನೋಡಿದಾಗ ಸಿಕ್ಕಿತು: ಹಲ್ಲಿನ ಹಿಂಬದಿ, ನಾಲಿಗೆ ಪಕ್ಕದ ವಸಡಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಬೆರಳಿನಿಂದ ಒತ್ತಿದರೆ ಒಂದು ತೊಟ್ಟು ಕೀವು. "ಅಲ್ಲೇನೋ ನಾಲಿಗೆಗೆ ತಗಲ್ತಾ ಇತ್ತು, ಊಟದ್ದು ಸಿಕ್ಕೊಂಡಿರಬೇಕು ಅಂದ್ಕೊಂಡಿದ್ದೆ" ಎಂದರು.

ಕೆಳಗಿನ ಮೊದಲ ದವಡೆ ಹಲ್ಲಿನ ಕೀವು ಸಾಮಾನ್ಯವಾಗಿ ಕೆನ್ನೆ ಕಡೆಗೆ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಮೂಳೆ ತೆಳು, ಬೇರುಗಳೂ ಆ ಕಡೆಗೇ ಹತ್ತಿರ. ನಾಲಿಗೆ ಕಡೆ ಬಂತು ಅಂದರೆ ಅಲ್ಲೇ ಹತ್ತಿರ ಏನೋ ಇರಬೇಕು, ಅಲ್ವಾ?

ಗುಳ್ಳೆಯ ಬಾಯಿಯೊಳಕ್ಕೆ 25ನೇ ನಂಬರಿನ ಒಂದು ಗಟ್ಟಾಪರ್ಚ ಕಡ್ಡಿ ತೂರಿಸಿದೆ. ತೆಳ್ಳಗಿನ, ಬಾಗುವ, ಗುಲಾಬಿ ಬಣ್ಣದ ಕಡ್ಡಿ ಅದು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕೀವಿನ ದಾರಿ ಹಿಡಿದು ತಾನೇ ಮೂಲಕ್ಕೆ ಹೋಗಿ ನಿಲ್ಲುತ್ತದೆ. ಹಾಗೇ ಇಟ್ಟು ಎಕ್ಸ್‌ರೇ ತೆಗೆದೆ.

ಫಿಲ್ಮಿನಲ್ಲಿ ಹಿಂದಿನ ವೈದ್ಯರ ಕೆಲಸ ನೋಡಿ ಖುಷಿಯೇ ಆಯಿತು. ಮುಂದಿನ ಬೇರಿನಲ್ಲಿ ಎರಡು ನಾಳ (ಬೇರಿನೊಳಗೆ ನರ ಇರುವ ಸಣ್ಣ ಕೊಳವೆ), ಹಿಂದಿನ ಬೇರಿನಲ್ಲಿ ಒಂದು. ಮೂರೂ ತುದಿಯವರೆಗೆ ಒಪ್ಪವಾಗಿ ತುಂಬಿದ್ದವು. ಕಾಲೇಜಿನಲ್ಲಿ ಗೋಡೆಗೆ ಅಂಟಿಸಬಹುದಾದ ಚಿತ್ರ. ಆದರೂ ಹಿಂದಿನ ಬೇರಿನ ತುದಿಯ ಸುತ್ತ ಮೂಳೆ ಕರಗಿದ ಕಪ್ಪು ನೆರಳು. ನಾನು ತೂರಿಸಿದ ಕಡ್ಡಿ ಆ ನೆರಳಿಗೇ ಹೋಗಿ ನಿಂತಿತ್ತು. ಆದರೆ ತುಂಬಿದ ನಾಳದ ತುದಿಯಲ್ಲಿ ಅಲ್ಲ. ಅದಕ್ಕಿಂತ ಒಂದೂವರೆ ಮಿಲಿಮೀಟರ್ ಮುಂದೆ, ಸ್ವಲ್ಪ ಮೇಲೆ.

ಫಿಲ್ಮನ್ನು ಬೆಳಕಿನ ಮುಂದೆ ಹಿಡಿದು ಬಹಳ ಹೊತ್ತು ನೋಡಿದೆ. ಹಿಂದಿನ ಬೇರಿನ ಅಂಚು ಒಂದು ಗೆರೆ ಆಗಿರಲಿಲ್ಲ. ಎರಡು ಗೆರೆ. ಒಂದರ ಮೇಲೊಂದು ಇಟ್ಟ ಎರಡು ಹಾಳೆ ಸ್ವಲ್ಪ ಜರುಗಿದ ಹಾಗೆ.

ತೆಂಗಿನ ತೋಟದ ಲೆಕ್ಕ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ತೋಟದಲ್ಲಿ ಒಂದು ತೆಂಗಿನ ಮರದ ಹಿಂದೆ ಸರಿಯಾಗಿ ಇನ್ನೊಂದು ಮರ ಇದ್ದರೆ ನಿಮಗೆ ಕಾಣುವುದು ಒಂದೇ. ನಾಲ್ಕು ಹೆಜ್ಜೆ ಎಡಕ್ಕೆ ಸರಿಯಿರಿ. ಹಿಂದಿನ ಮರ ಎಡಕ್ಕೆ ಇಣುಕುತ್ತದೆ. ದೂರದ್ದು ನಿಮ್ಮ ಜೊತೆಗೇ ಬರುತ್ತದೆ, ಹತ್ತಿರದ್ದು ಎದುರು ದಿಕ್ಕಿಗೆ ಸರಿದಂತೆ ಕಾಣುತ್ತದೆ.

ಎಕ್ಸ್‌ರೇ ಟ್ಯೂಬು ಕೆನ್ನೆ ಹೊರಗಡೆ ಇರುತ್ತದೆ. ಅದಕ್ಕೆ ಹತ್ತಿರದ್ದು ಕೆನ್ನೆ ಕಡೆಯ ಬೇರು, ದೂರದ್ದು ನಾಲಿಗೆ ಕಡೆಯ ಬೇರು. ಟ್ಯೂಬನ್ನು ಮುಂದಕ್ಕೆ ಸರಿಸಿ 25 ಡಿಗ್ರಿಯಷ್ಟು ಓರೆ ಮಾಡಿ ಇನ್ನೊಂದು ಫಿಲ್ಮ್ ತೆಗೆದೆ. ನಾಲಿಗೆ ಕಡೆ ಏನಾದರೂ ಅಡಗಿದ್ದರೆ ಅದು ಟ್ಯೂಬಿನ ಜೊತೆ ಮುಂದಕ್ಕೆ ಬರಬೇಕು.

ಬಂತು. ಮುಂದಿನ ಬೇರಿಗೂ ಹಿಂದಿನ ಬೇರಿಗೂ ನಡುವೆ ಒಂದು ಸಣ್ಣ, ತೆಳ್ಳಗಿನ ಬೇರು. ಒಳಗೆ ಬಿಳಿ ತುಂಬುವಿಕೆ ಇಲ್ಲವೇ ಇಲ್ಲ. ಖಾಲಿ. ಕೀವಿನ ಕಡ್ಡಿ ಅದರ ತುದಿಯನ್ನು ಮುಟ್ಟಿಕೊಂಡು ನಿಂತಿತ್ತು.

ಈ ಹೆಚ್ಚುವರಿ ಬೇರಿಗೆ ನಮ್ಮ ಪುಸ್ತಕಗಳಲ್ಲಿ ರ್ಯಾಡಿಕ್ಸ್ ಎಂಟೊಮೊಲಾರಿಸ್ ಎಂಬ ಲ್ಯಾಟಿನ್ ಹೆಸರು. ವಿಯೆನ್ನಾದ ದಂತವೈದ್ಯ ಕ್ಯಾರಬೆಲ್ಲಿ 1844ರಷ್ಟು ಹಿಂದೆಯೇ ಇದರ ಬಗ್ಗೆ ಬರೆದಿದ್ದ. ಹೊಸ ವಿಷಯ ಅಲ್ಲ. ಆದರೂ ತಪ್ಪಿಸಿಕೊಳ್ಳುತ್ತಲೇ ಇರುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಈ ಹಲ್ಲಿನ ಕಟ್ಟಡವನ್ನು ಒಮ್ಮೆ ನೋಡಲೇಬೇಕು.

ಕೆಳದವಡೆಯ ಹಲ್ಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಮೊದಲ ದವಡೆ ಹಲ್ಲು. ಆರು, ಏಳನೇ ವಯಸ್ಸಿಗೆ ಮೂಡುತ್ತದೆ. ಯಾವ ಹಾಲು ಹಲ್ಲೂ ಬಿದ್ದು ಇದಕ್ಕೆ ಜಾಗ ಕೊಡುವುದಿಲ್ಲ. ಹಾಲು ಹಲ್ಲುಗಳ ಸಾಲಿನ ಹಿಂದೆ ಸುಮ್ನೆ ಬಂದು ನಿಲ್ಲುತ್ತದೆ. ಅದಕ್ಕೇ ಎಷ್ಟೋ ಅಪ್ಪ ಅಮ್ಮ ಇದನ್ನೂ ಹಾಲು ಹಲ್ಲು ಎಂದುಕೊಂಡು "ಹುಳುಕಾದರೆ ಆಗಲಿ, ಹೇಗೂ ಬೀಳುತ್ತದೆ" ಎಂದು ಬಿಟ್ಟುಬಿಡುತ್ತಾರೆ. ನನಗೆ ಬಹಳ ಸಂಕಟ ಕೊಡುವ ತಪ್ಪು ತಿಳಿವಳಿಕೆ ಇದು. ಬೀಳುವುದಿಲ್ಲ ಸ್ವಾಮಿ, ಸಾಯುವ ತನಕ ಇರಬೇಕಾದ ಹಲ್ಲು.

ಅಗಿಯುವ ಮುಖದ ಮೇಲೆ ಐದು ದಿಣ್ಣೆಗಳು. ಮೂರು ಕೆನ್ನೆ ಕಡೆಗೆ, ಎರಡು ನಾಲಿಗೆ ಕಡೆಗೆ. ದಿಣ್ಣೆಗಳ ನಡುವಿನ ಗೀರುಗಳಲ್ಲೇ ಹುಳುಕು ಮೊದಲು ಮನೆ ಮಾಡುವುದು. ಹಿಂದಿನ ಎರಡನೇ ದವಡೆ ಹಲ್ಲಿಗೆ ಸಾಮಾನ್ಯವಾಗಿ ನಾಲ್ಕೇ ದಿಣ್ಣೆ, ಗೀರು ಕೂಡಿಸುವ ಚಿಹ್ನೆಯ ಹಾಗೆ ಅಡ್ಡ ಉದ್ದ. ಬುದ್ಧಿ ಹಲ್ಲಿನ ವಿಷಯ ಹೇಳಲು ಹೋಗುವುದಿಲ್ಲ, ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಕೆಳಗೆ ಬೇರು ಎರಡು, ಒಂದರ ಹಿಂದೆ ಒಂದು. ಹಲ್ಲಿನ ಕಿರೀಟ ಸುಮಾರು 7.5 ಮಿಲಿಮೀಟರ್ ಎತ್ತರ, ಬೇರು ಸುಮಾರು 14 ಮಿಲಿಮೀಟರ್. ಕಾಣುವುದಕ್ಕಿಂತ ಹೂತಿರುವುದೇ ಜಾಸ್ತಿ. ಮುಂದಿನ ಬೇರು ಕೆನ್ನೆಯಿಂದ ನಾಲಿಗೆಗೆ ಅಗಲ, ಹಿಂದೆ ಮುಂದೆ ಚಪ್ಪಟೆ. ಬಹುಪಾಲು ಅದರಲ್ಲಿ ಎರಡು ನಾಳ. ಎರಡರ ನಡುವೆ ಸೇರಿಸುವ ಸಣ್ಣ ಓಣಿಗಳೂ ಇರಬಹುದು. ಈ ಬೇರಿನ ಹಿಂಬದಿಯಲ್ಲಿ ಒಂದು ತಗ್ಗು ಇದೆ, ಅಲ್ಲಿ ಗೋಡೆ ತೆಳು. ಜೋರಾಗಿ ಕೊರೆದರೆ ಆ ಜಾಗದಲ್ಲೇ ತೂತಾಗುವುದು. ಹಿಂದಿನ ಬೇರು ಸ್ವಲ್ಪ ದುಂಡಗೆ, ನೇರ. ಅದರಲ್ಲಿ ಒಂದು ನಾಳ, ಕೆಲವೊಮ್ಮೆ ಎರಡು.

"ಎರಡು ಬೇರು, ಮೂರು ನಾಳ" ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದವರು ನಾವು. 1971ರಲ್ಲಿ ಸ್ಕಿಡ್‌ಮೋರ್ ಮತ್ತು ಬ್ಯೋರ್ನ್‌ಡಾಲ್ ಎಂಬಿಬ್ಬರು ಇಂಥ 45 ಹಲ್ಲುಗಳ ಒಳಗನ್ನು ನೋಡಿ ಲೆಕ್ಕ ಹಾಕಿದರು. ಮೂರು ನಾಳ ಇದ್ದದ್ದು ಶೇ. 64.4ರಲ್ಲಿ. ನಾಲ್ಕು ಇದ್ದದ್ದು ಶೇ. 28.9ರಲ್ಲಿ. ಎರಡೇ ಇದ್ದದ್ದು ಶೇ. 6.7ರಲ್ಲಿ. ಅಂದರೆ ಮಗ್ಗಿ ಮೂರರಲ್ಲಿ ಎರಡು ಹಲ್ಲಿಗೆ ಸರಿ, ಉಳಿದ ಒಂದಕ್ಕೆ ತಪ್ಪು. 1981ರಲ್ಲಿ ಪೊಮೆರಾಂಜ್ ಮತ್ತು ಜೊತೆಗಾರರು ಕೆಳಗಿನ 100 ದವಡೆ ಹಲ್ಲು ನೋಡಿದಾಗ 12ರಲ್ಲಿ ಮುಂದಿನ ಬೇರಿನ ಎರಡು ನಾಳಗಳ ಮಧ್ಯೆ ಮೂರನೆಯದೂ ಸಿಕ್ಕಿತು.

ಮೂರನೇ ಬೇರಿನ ಸಂಗತಿ ಇನ್ನೊಂದು ತೂಕದ್ದು. ಅದು ಹಿಂಬದಿಯಲ್ಲಿ, ನಾಲಿಗೆ ಕಡೆಯ ಮೂಲೆಯಲ್ಲಿ ಹುಟ್ಟುತ್ತದೆ. ಉಳಿದ ಬೇರುಗಳಿಗಿಂತ ಗಿಡ್ಡ, ಸಣ್ಣ. ಮೊದಲು ನಾಲಿಗೆ ಕಡೆಗೆ ಹೋಗಿ, ಆಮೇಲೆ ಕೊಕ್ಕೆಯಂತೆ ಕೆನ್ನೆ ಕಡೆಗೆ ತಿರುಗುವುದೇ ಜಾಸ್ತಿ. ಕೆನ್ನೆ ಕಡೆಗೆ ಅಂದರೆ ಎಕ್ಸ್‌ರೇ ಟ್ಯೂಬಿನ ದಿಕ್ಕಿಗೇ. ನಿಮ್ಮ ಕಡೆಗೆ ಬಾಗಿದ ಕೊಂಬೆ ಎದುರಿನಿಂದ ನೋಡಿದರೆ ನೆಟ್ಟಗೇ ಕಾಣುತ್ತದೆ. ಹಾಗೇ ಈ ಕೊಕ್ಕೆ ಫಿಲ್ಮಿನಲ್ಲಿ ಬೀಳುವುದೇ ಇಲ್ಲ. ದೊಡ್ಡ ಬೇರಿನ ಹಿಂದೆ ನಿಂತು ಒಂದು ಸಲ ಮೋಸ, ಕಂಡ ಮೇಲೆ ನೇರ ಇದೆ ಎಂದು ನಂಬಿಸಿ ಇನ್ನೊಂದು ಸಲ ಮೋಸ.

"ಕಿತ್ತು ಹಾಕಿಬಿಡಿ"

ವಿಷಯ ಹೇಳಿದೆ. ಫಿಲ್ಮ್ ತೋರಿಸಿದೆ. ಅವರು ತಕ್ಷಣ ಹೇಳಿದ್ದು: "ಬೇಡ ಡಾಕ್ಟ್ರೇ, ಕಿತ್ತು ಹಾಕಿಬಿಡಿ. ಒಂದು ಸಲ ದುಡ್ಡು ಕೊಟ್ಟಾಯ್ತು. ಇನ್ನೊಂದು ಸಲ ಎಲ್ಲಿಂದ ತರಲಿ?"

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿನಗೂಲಿಯವರಿಗೆ ಒಂದು ಸಲ ಬಂದು ಹೋಗುವುದು ಅಂದರೆ ಒಂದು ದಿನದ ಕೂಲಿ ಹೋದಂತೆ. ಹಾಗಂತ ಕೀಳುವುದು ಅಗ್ಗದ ದಾರಿ ಎಂದೂ ಹೇಳಲಾರೆ. ಈ ಹಲ್ಲು ಹೋದರೆ ಹಿಂದಿನ 47 ಖಾಲಿ ಜಾಗಕ್ಕೆ ವಾಲುತ್ತದೆ. ಮೇಲಿನ ಹಲ್ಲು ಎದುರಿಗೆ ಯಾರೂ ಇಲ್ಲ ಎಂದು ಕೆಳಗೆ ಇಳಿಯುತ್ತದೆ. ಅಲ್ಲದೆ ಮೂರನೇ ಬೇರು ಇರುವ ಹಲ್ಲನ್ನು ಕೀಳುವುದು ನಾಲ್ಕು ನಿಮಿಷದ ಕೆಲಸ ಅಲ್ಲ. ಕೊಕ್ಕೆ ಬೇರು ಮುರಿದು ಮೂಳೆಯಲ್ಲೇ ಉಳಿಯಬಹುದು.

ಇದೆಲ್ಲ ಹೇಳಿ, ಹಣ ಕಂತಿನಲ್ಲಿ ಕೊಡಿ ಎಂದೆ. ಯೋಚನೆ ಮಾಡಿ ಬನ್ನಿ ಎಂದೂ ಹೇಳಿದೆ. ಐದು ದಿನ ಬಿಟ್ಟು ಮಗಳನ್ನು ಕರೆದುಕೊಂಡು ಬಂದರು. ಮಗಳು ಪಿಯುಸಿ ಓದುತ್ತಿದ್ದಳು. ಎರಡು ಫಿಲ್ಮನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಅಮ್ಮಾ, ಇದೊಂದನ್ನೇ ಬಿಟ್ಟಿದ್ದಾರೆ, ಇದೊಂದು ಮಾಡಿಸಿದ್ರೆ ಆಯ್ತು" ಎಂದಳು.

ಆ ಒಂದನ್ನು ಮಾತ್ರ ಮಾಡಬೇಕೋ, ಎಲ್ಲವನ್ನೂ ಮತ್ತೆ ಮಾಡಬೇಕೋ ಎಂಬುದು ನನಗೂ ಪ್ರಶ್ನೆಯೇ ಆಗಿತ್ತು. ಮುಂದಿನ ಬೇರಿನ ಸುತ್ತ ಮೂಳೆ ಚೆನ್ನಾಗಿತ್ತು. ಅದನ್ನು ಕೆದಕುವುದು ಸುಮ್ನೆ ಅಪಾಯ, ಆ ತೆಳು ಗೋಡೆ ನೆನಪಿದೆಯಲ್ಲ? ಒಳಗೆ ತೆರೆದು ನೋಡಿ ತೀರ್ಮಾನ ಮಾಡೋಣ ಎಂದುಕೊಂಡೆ. ಮೂರು ಆಯಾಮದ ಸ್ಕ್ಯಾನ್, ಅಂದರೆ ಸಿಬಿಸಿಟಿ, ಮಾಡಿಸಿದ್ದರೆ ಕೊಕ್ಕೆ ಎಷ್ಟು ಎಂದು ಮೊದಲೇ ಗೊತ್ತಾಗುತ್ತಿತ್ತು. ಅದಕ್ಕೆ ಬೇರೆ ಕಡೆ ಕಳಿಸಬೇಕು, ಖರ್ಚು ಬೇರೆ. ಓರೆ ಫಿಲ್ಮ್ ಸಾಕಷ್ಟು ಹೇಳಿದ್ದರಿಂದ ಬಿಟ್ಟೆ.

ತಳದ ನಕ್ಷೆ

ಹಲ್ಲು ಮರಗಟ್ಟಲು ಇಂಜೆಕ್ಷನ್ ಕೊಟ್ಟೆ. 2 ಪರ್ಸೆಂಟ್ ಲಿಗ್ನೊಕೇನ್, ಜೊತೆಗೆ 80,000ಕ್ಕೆ ಒಂದು ಪಾಲು ಅಡ್ರಿನಲಿನ್. ಕೆಳದವಡೆಯ ಮೂಳೆ ದಪ್ಪ, ಹಲ್ಲಿನ ಪಕ್ಕ ಚುಚ್ಚಿದರೆ ಔಷಧ ಒಳಗೆ ಇಳಿಯುವುದಿಲ್ಲ. ಅದಕ್ಕೆ ನರ ಮೂಳೆಯೊಳಕ್ಕೆ ಹೋಗುವ ಬಾಗಿಲ ಹತ್ತಿರ, ದವಡೆಯ ಹಿಂದೆ ಚುಚ್ಚಬೇಕು. ಐದಾರು ನಿಮಿಷಕ್ಕೆ "ತುಟಿ ದಪ್ಪ ಆದ ಹಾಗಿದೆ" ಎಂದರು. ಅದೇ ನಮಗೆ ಬೇಕಾದ ಸುದ್ದಿ.

ಕ್ಯಾಪ್ ಸೀಳಿ ತೆಗೆದೆ. ರಬ್ಬರ್ ಡ್ಯಾಮ್ ಹಾಕಿದೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವುದು ಅದು, ಎಂಜಲು ಒಳಗೆ ಬರಬಾರದು, ಔಷಧ ಹೊರಗೆ ಹೋಗಬಾರದು. ಹಳೆಯ ಸಿಮೆಂಟ್ ಎಲ್ಲ ಬಿಡಿಸಿ, ಒಣಗಿಸಿ, ಕನ್ನಡಕದ ಭೂತಗನ್ನಡಿ ಹಾಕಿಕೊಂಡು ತಳ ನೋಡಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ದವಡೆ ಹಲ್ಲಿನ ಒಳಗೆ ಒಂದು ಪುಟ್ಟ ಕೋಣೆ ಇದೆ. ಅದರ ಎತ್ತರ ಒಂದೂವರೆ ಮಿಲಿಮೀಟರ್ ಆಸುಪಾಸು. ತಳದ ಕೆಳಗೆ ಬೇರುಗಳು ಕವಲೊಡೆಯುವ ಜಾಗಕ್ಕೆ ಸುಮಾರು 3 ಮಿಲಿಮೀಟರ್. ಇಷ್ಟರಲ್ಲೇ ನಮ್ಮ ಕೆಲಸ. ಆದರೆ ಆ ತಳ ಬರಿಯ ನೆಲ ಅಲ್ಲ, ಬರೆದಿಟ್ಟ ನಕ್ಷೆ. ಕ್ರಾಸ್ನರ್ ಮತ್ತು ರ್ಯಾಂಕೊ ಎಂಬವರು ಕಿತ್ತ 500 ಹಲ್ಲುಗಳನ್ನು ಸೀಳಿ ನೋಡಿ 2004ರಲ್ಲಿ ಆ ನಕ್ಷೆ ಓದುವ ನಿಯಮಗಳನ್ನು ಕೊಟ್ಟರು. ತಳ ಯಾವಾಗಲೂ ಗೋಡೆಗಿಂತ ಕಪ್ಪು. ನಾಳದ ಬಾಯಿಗಳು ತಳವೂ ಗೋಡೆಯೂ ಸೇರುವ ಅಂಚಿನಲ್ಲೇ, ಮೂಲೆಗಳಲ್ಲೇ ಇರುತ್ತವೆ. ತಳದ ಮೇಲಿನ ಕಪ್ಪು ಗೆರೆಗಳು ಆ ಬಾಯಿಗಳನ್ನು ಸೇರಿಸುತ್ತವೆ. ಮತ್ತು ಕೆಳಗಿನ ದವಡೆ ಹಲ್ಲಿನಲ್ಲಿ, ತಳದ ನಡುವೆ ಹಿಂದೆ ಮುಂದೆ ಒಂದು ಗೆರೆ ಎಳೆದರೆ ಬಾಯಿಗಳು ಅದರ ಎರಡೂ ಕಡೆ ಸಮದೂರದಲ್ಲಿ ಕೂತಿರುತ್ತವೆ.

ಈ ಕೊನೆಯ ನಿಯಮವನ್ನು ಆ ಅಮ್ಮನ ಹಲ್ಲಿಗೆ ಹಿಡಿದು ನೋಡಿ. ಹಿಂದಿನ ಬೇರಿಗೆ ಒಂದೇ ನಾಳ ಆಗಿದ್ದರೆ ಅದರ ಬಾಯಿ ನಡುಗೆರೆಯ ಮೇಲೇ ಇರಬೇಕು. ಇಲ್ಲಿ ಅದು ಕೆನ್ನೆ ಕಡೆಗೆ ಸರಿದಿತ್ತು. ಒಂದು ಮಿಲಿಮೀಟರ್ ಇದ್ದೀತು. ಬಾಯಿ ಒಂದು ಬದಿಗೆ ಸರಿದಿದೆ ಅಂದರೆ ಇನ್ನೊಂದು ಬದಿಯಲ್ಲಿ ಅದರ ಜೋಡಿ ಇದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದಿದ್ದರೂ ಇದೆ.

ಎದುರು ಮೂಲೆಯಲ್ಲಿ ಕಂಡದ್ದು ತಿಳಿ ಹಳದಿಯ ಒಂದು ಚಿಕ್ಕ ಕಟ್ಟೆ. ಬಣ್ಣವೇ ಹೇಳುತ್ತಿತ್ತು, ಅದು ತಳ ಅಲ್ಲ, ಗೋಡೆ. ಮೂರು ನಾಳಕ್ಕೆ ಸಾಕಾಗುವ ತ್ರಿಕೋನದ ಬಾಗಿಲನ್ನು ಹಿಂದೆ ಕೊರೆದಿದ್ದರು. ನಾಲ್ಕನೆಯದು ಇರಬೇಕಾದ ಮೂಲೆ ಆ ಕಟ್ಟೆಯ ಕೆಳಗೆ ಮುಚ್ಚಿಕೊಂಡಿತ್ತು. ಅಲ್ಟ್ರಾಸೋನಿಕ್ ಮೊನೆಯಿಂದ ಸ್ವಲ್ಪ ಸ್ವಲ್ಪವೇ ಅದನ್ನು ಕೆರೆದೆ. ಕೆರೆದಂತೆ ಬಂದ ಬಿಳಿ ಪುಡಿ ತಳದ ಗೆರೆಯಲ್ಲಿ ಕೂತಿತು. ಕಪ್ಪು ನೆಲದ ಮೇಲೆ ರಂಗೋಲಿ ಎಳೆ ಎಳೆದಂತೆ ಒಂದು ಬಿಳಿ ದಾರಿ, ಹಿಂದಿನ ಬಾಯಿಯಿಂದ ನಾಲಿಗೆ ಕಡೆಯ ಮೂಲೆಗೆ. ಬಾಗಿಲ ಆಕಾರ ಈಗ ತ್ರಿಕೋನ ಹೋಗಿ ನಾಲ್ಕು ಮೂಲೆ ಆಗಿತ್ತು.

ಆ ಮೂಲೆಗೆ ನಾಳ ತೊಳೆಯುವ ಹೈಪೊಕ್ಲೋರೈಟ್ ದ್ರಾವಣ ಎರಡು ತೊಟ್ಟು ಬಿಟ್ಟು ಕಾದೆ. ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಒಳಗೆ ಕೊಳೆತದ್ದು ಇದ್ದರೆ ದ್ರಾವಣ ಅದನ್ನು ಕರಗಿಸುತ್ತ ಹೀಗೆ ಗುಳ್ಳೆ ಬಿಡುತ್ತದೆ. ಎಷ್ಟು ವರ್ಷ ಈ ಕೆಲಸ ಮಾಡಿದರೂ ಆ ಮೊದಲ ಗುಳ್ಳೆ ಕಂಡಾಗ ಉಸಿರು ಬಿಗಿ ಹಿಡಿಯುತ್ತೇನೆ.

8ನೇ ನಂಬರಿನ ಫೈಲ್, ಅಂದರೆ ನಾಳ ಕೆರೆಯುವ ಸೂಜಿಯಂಥ ಅರ, ತೆಗೆದುಕೊಂಡೆ. ಅದರ ತುದಿ 0.08 ಮಿಲಿಮೀಟರ್. ತುದಿಯನ್ನು ಮೊದಲೇ ಸ್ವಲ್ಪ ಬಗ್ಗಿಸಿ ಇಳಿಸಿದೆ. ಸಿಕ್ಕಿಕೊಂಡಿತು. ಒತ್ತಬಾರದು. ಒತ್ತಿದರೆ ಮೆಟ್ಟಿಲು ಬಿದ್ದು ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಗಡಿಯಾರಕ್ಕೆ ಕೀ ಕೊಡುವ ಹಾಗೆ ಅತ್ತ ಇತ್ತ ಆಡಿಸುತ್ತ ಬಿಟ್ಟೆ. ಇಳಿಯುತ್ತ ಹೋಯಿತು. ಫೈಲಿನ ಹಿಡಿ ಕೆನ್ನೆ ಕಡೆಗೆ ವಾಲಿತು, ಅಂದರೆ ತುದಿ ನಾಲಿಗೆ ಕಡೆಗೆ ಹೋಗುತ್ತಿದೆ. ಹೊರಗೆ ತೆಗೆದಾಗ ತುದಿ ಬಗ್ಗಿದ ಬಗೆಯೇ ಒಳಗಿನ ಕೊಕ್ಕೆಯನ್ನು ತೋರಿಸಿತು. ಅದಕ್ಕೆ ಅಂಟಿಕೊಂಡು ಕಂದು ಬಣ್ಣದ ಕೊಳೆ, ಜೊತೆಗೆ ಆ ವಾಸನೆ. ಪಕ್ಕದಲ್ಲಿದ್ದ ಸಿಸ್ಟರ್ ಮುಖ ತಿರುಗಿಸಿದರು. ಹದಿನಾಲ್ಕು ತಿಂಗಳ ನೋವಿಗೆ ಕಾರಣ ಅಷ್ಟೇ: ಹದಿನೇಳೂವರೆ ಮಿಲಿಮೀಟರ್ ಉದ್ದದ ದಾರಿಯಲ್ಲಿ ಕೊಳೆತ ನರ. ಅವರ ಪ್ರಶ್ನೆಗೆ ಉತ್ತರವೂ ಅದೇ. ನರ ಪೂರ್ತಿ ತೆಗೆದಿರಲೇ ಇಲ್ಲ. ಒಳಗೆ ಸತ್ತ ನರದಲ್ಲಿ ಬ್ಯಾಕ್ಟೀರಿಯಾ ಬೆಳೆದವು. ನೋಯುತ್ತಿದ್ದದ್ದು ಆ ನರ ಅಲ್ಲ, ಬೇರಿನ ತುದಿಯ ಸುತ್ತಲಿನ ಜೀವಂತ ಮೂಳೆ ಮತ್ತು ನಾರು.

ಹಿಂದಿನ ಬೇರಿನ ಹಳೆಯ ತುಂಬುವಿಕೆಯನ್ನೂ ತೆಗೆದೆ, ಯಾಕೆಂದರೆ ಅದರ ಬಾಯಿಯೂ ಇದರ ಬಾಯಿಯೂ ಒಂದೇ ಗೆರೆಯಲ್ಲಿ ಸೇರಿದ್ದವು, ಮೇಲಿನ ತುದಿ ಮೆತ್ತಗಾಗಿತ್ತು. ಮುಂದಿನ ಎರಡನ್ನು ಮುಟ್ಟಲಿಲ್ಲ. ಅವು ಬಿಗಿಯಾಗಿದ್ದವು. ಕೆಲವು ಸಹೋದ್ಯೋಗಿಗಳು ಎಲ್ಲವನ್ನೂ ಮತ್ತೆ ಮಾಡಬೇಕಿತ್ತು ಎನ್ನಬಹುದು. ಅವರ ಮಾತಿನಲ್ಲೂ ಹುರುಳಿದೆ. ಈ ಹಲ್ಲಿಗೆ ನನಗೆ ಸರಿ ಅನ್ನಿಸಿದ್ದು ಇದು.

ಕೊಕ್ಕೆ ಬೇರನ್ನು ಜಾಸ್ತಿ ಅಗಲ ಮಾಡಲಿಲ್ಲ. ತುದಿಯಲ್ಲಿ 25ನೇ ನಂಬರಿನ ಫೈಲಿಗೆ ನಿಲ್ಲಿಸಿದೆ. ಬಾಗಿದ ದಾರಿಯಲ್ಲಿ ದೊಡ್ಡ ಫೈಲು ಮುರಿಯುತ್ತದೆ, ಇಲ್ಲವೇ ದಾರಿ ಬಿಟ್ಟು ಗೋಡೆ ಕೊರೆಯುತ್ತದೆ. ಅದರ ಬದಲು ತೊಳೆಯುವುದಕ್ಕೆ ಹೆಚ್ಚು ಹೊತ್ತು ಕೊಟ್ಟೆ. 3 ಪರ್ಸೆಂಟ್ ಹೈಪೊಕ್ಲೋರೈಟ್, ಕೊನೆಗೆ ಕೆರೆದ ಪುಡಿ ಕರಗಿಸುವ 17 ಪರ್ಸೆಂಟ್ ಇಡಿಟಿಎ ದ್ರಾವಣ. ಆಮೇಲೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಮುಚ್ಚಿದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ರಾಸಾಯನಿಕವಾಗಿ ಅದೇ. ಅದರ ತೀವ್ರ ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಇದನ್ನು ಕೇಳಿ ಯಾರೂ ಮನೆಯಲ್ಲಿ ಹಲ್ಲಿಗೆ ಸುಣ್ಣ ಮೆತ್ತಬೇಡಿ, ವಸಡು ಸುಟ್ಟು ಬಂದವರನ್ನು ನೋಡಿದ್ದೇನೆ.

ಮೂರು ವಾರಕ್ಕೆ ಬಂದಾಗ ಅವರೇ ಮೊದಲು ಹೇಳಿದರು: "ಬಾಯಿ ಉಪ್ಪು ಹೋಯ್ತು." ನಾಲಿಗೆ ಕಡೆಯ ಗುಳ್ಳೆ ಮುಚ್ಚಿಕೊಂಡು ಒಂದು ಚುಕ್ಕೆ ಮಾತ್ರ ಉಳಿದಿತ್ತು. ತಟ್ಟಿದರೆ ನೋವಿಲ್ಲ. ಎರಡೂ ನಾಳಗಳನ್ನು ಗಟ್ಟಾಪರ್ಚದಿಂದ ತುಂಬಿದೆ. ಇದು ಮಲಯ ಕಡೆಯ ಒಂದು ಮರದ ಹಾಲಿನಿಂದ ಬರುವ ವಸ್ತು. ನಮ್ಮ ಸಪೋಟ, ಹಿಪ್ಪೆ ಮರಗಳ ಕುಟುಂಬದ್ದೇ ಆ ಮರ.

"ನನಗೆ ಮಾತ್ರ ಯಾಕೆ?"

ತುಂಬಿ ಮುಗಿಸಿದ ಮೇಲೆ ಕೊನೆಯ ಫಿಲ್ಮನ್ನು ತೋರಿಸಿದಾಗ ಅವರು ಕೇಳಿದ್ದು ಇದು. "ಎಲ್ಲರಿಗೂ ಎರಡಾದ್ರೆ ನನಗೆ ಮಾತ್ರ ಮೂರು ಯಾಕೆ? ಈಗ ಬೆಳೀತಾ ಇದೆಯಾ?"

ಈಗ ಬೆಳೆದದ್ದಲ್ಲ. ಮೊದಲ ದವಡೆ ಹಲ್ಲಿನ ಬೇರು ಒಂಬತ್ತು, ಹತ್ತನೇ ವಯಸ್ಸಿಗೆ ಪೂರ್ತಿಯಾಗಿಬಿಡುತ್ತದೆ. ಅವರು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ಮೂರೂ ಇದ್ದವು. ಬೇರು ರೂಪುಗೊಳ್ಳುವಾಗ ಹಲ್ಲಿನ ಬುಡದಲ್ಲಿ ಜೀವಕೋಶಗಳ ಒಂದು ತೆಳು ಪೊರೆ ಇರುತ್ತದೆ. ಅದರ ಅಂಚಿನಿಂದ ನಾಲಿಗೆಯಂಥ ಎರಡು ಚಾಚುಗಳು ಬೆಳೆದು ಕೂಡಿಕೊಂಡರೆ ಬುಡ ಎರಡು ಪಾಲಾಗುತ್ತದೆ, ಎರಡು ಬೇರು. ಇನ್ನೊಂದು ಚಾಚು ಬಂದರೆ ಮೂರು.

ಇದು ಕಾಯಿಲೆ ಅಲ್ಲ, ಮೂಗಿನ ಆಕಾರದ ಹಾಗೆ ಮನೆತನದಲ್ಲಿ ಬರುವಂಥದ್ದು. ಯುರೋಪಿನವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಚೀನಾ, ತೈವಾನ್, ಕೊರಿಯಾ ಕಡೆ ನೂರಕ್ಕೆ ಇಪ್ಪತ್ತಕ್ಕೂ ಮೇಲೆ. ಅಷ್ಟು ದೊಡ್ಡ ವ್ಯತ್ಯಾಸ ಇರುವುದರಿಂದಲೇ ಹಳೆಯ ಜನರ ವಲಸೆ ಹುಡುಕುವವರು ಈ ಬೇರನ್ನು ಎಣಿಸುತ್ತಾರೆ. 1971ರಲ್ಲಿ ಟರ್ನರ್ ಎಂಬ ಮಾನವಶಾಸ್ತ್ರಜ್ಞ ಅಮೆರಿಕದ ಮೂಲನಿವಾಸಿಗಳು ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಈ ಮೂರು ಬೇರಿನ ಹಲ್ಲನ್ನೇ ಸಾಕ್ಷಿಯಾಗಿ ತಂದ. ಚೀನಾದ ಗಾನ್ಸು ಪ್ರಾಂತ್ಯದ ಗುಹೆಯೊಂದರಲ್ಲಿ 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ಒಂದು ದವಡೆ ಮೂಳೆ ಸಿಕ್ಕಿತು. ಕನಿಷ್ಠ 1,60,000 ವರ್ಷ ಹಳೆಯದು. ಡೆನಿಸೋವನ್ ಎಂಬ ಅಳಿದು ಹೋದ ಮಾನವರದ್ದು ಎಂದು 2019ರಲ್ಲಿ ಪ್ರಕಟವಾಯಿತು. ಅದರ ಎರಡನೇ ದವಡೆ ಹಲ್ಲಿಗೂ ಮೂರು ಬೇರು. ಏಷ್ಯಾದವರ ಮೂರನೇ ಬೇರು ಅವರಿಂದಲೇ ಬಂತು ಎಂದು ಕೆಲವು ವಿಜ್ಞಾನಿಗಳು, ಇಲ್ಲ ಎಂದು ಕೆಲವರು ಇನ್ನೂ ವಾದ ಮಾಡುತ್ತಿದ್ದಾರೆ.

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. "ಹುಟ್ಟಿನಿಂದಲೇ ಇದೆ ಅಮ್ಮ, ನಿಮ್ಮ ತಪ್ಪಲ್ಲ" ಎಂದೆ. "ಮೊದಲು ಮಾಡಿದ ಡಾಕ್ಟ್ರ ತಪ್ಪಾ?" ಎಂದು ಕೇಳಿದರು. ಅವರು ಮಾಡಿದ ಮೂರು ನಾಳ ಚೆನ್ನಾಗಿವೆ, ನಾಲ್ಕನೆಯದು ಅವರ ಕಣ್ಣಿಗೆ ಬೀಳಲಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಓರೆಯಾಗಿ ಇನ್ನೊಂದು ಫಿಲ್ಮ್ ತೆಗೆದಿದ್ದರೆ ಬೀಳುತ್ತಿತ್ತು. ಈ ಕೇಸಿನ ನಂತರ ನಾನು ಕೆಳಗಿನ ಯಾವ ದವಡೆ ಹಲ್ಲನ್ನೂ ಒಂದೇ ಫಿಲ್ಮ್ ನಂಬಿ ತೆರೆಯುವುದಿಲ್ಲ. ನೇರ ಒಂದು, ಓರೆ ಒಂದು. ಎರಡು ನಿಮಿಷದ ಕೆಲಸ.

ಹೊಸ ಕ್ಯಾಪ್ ಹಾಕಿದೆವು. ಆರು ತಿಂಗಳಿಗೆ ಬಂದಾಗ ನೆರಳು ಅರ್ಧಕ್ಕೆ ಇಳಿದಿತ್ತು. ವರ್ಷ ತುಂಬಿದಾಗ ಬೇರಿನ ತುದಿಯ ಸುತ್ತ ಮೂಳೆಯ ಸಣ್ಣ ಎಳೆಗಳು ಮತ್ತೆ ಕಂಡವು. ಎರಡೂ ಕಡೆ ಅಗಿಯುತ್ತಿದ್ದರು.

ಆ ದಿನ ಇನ್ನೊಂದು ಕೆಲಸ ಮಾಡಿದೆ. ಮೂರನೇ ಬೇರು ಇರುವವರಲ್ಲಿ ಅರ್ಧದಷ್ಟು ಜನಕ್ಕೆ, ಕೆಲವು ವರದಿಗಳಲ್ಲಿ ಇನ್ನೂ ಹೆಚ್ಚು ಜನಕ್ಕೆ, ಎರಡೂ ಕಡೆ ಇರುತ್ತದೆ. ಎಡಗಡೆಯ 36ರಲ್ಲಿ ಒಂದು ಹುಳುಕು ಶುರುವಾಗಿತ್ತು, ಸಣ್ಣದು, ತುಂಬಿದರೆ ಸಾಕು. ಅದಕ್ಕೂ ಓರೆ ಫಿಲ್ಮ್ ತೆಗೆದೆ. ಎರಡು ಬೇರುಗಳ ನಡುವೆ ಅದೇ ತೆಳ್ಳಗಿನ ಬೇರು ಇಣುಕುತ್ತಿತ್ತು.

ಒಂದು ರಟ್ಟಿನ ಚೀಟಿಯಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಟ್ಟೆ: "46 ಮತ್ತು 36, ಮೂರು ಬೇರು. ಹಿಂಬದಿ, ನಾಲಿಗೆ ಕಡೆ ನೋಡಿ." ಮುಂದೆ ಯಾವ ಊರಿನ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ಮೊದಲು ತೋರಿಸಿ ಎಂದೆ. ಮಗಳು ಅದನ್ನು ಓದಿ, ತನ್ನ ಹಲ್ಲಿಗೂ ಒಂದು ಫಿಲ್ಮ್ ತೆಗೆಯಿರಿ ಎಂದಳು. ನೋವಿಲ್ಲದ ಹಲ್ಲಿಗೆ ಬೇಡ, ಮುಂದೆ ಬೇಕಾದಾಗ ಅಮ್ಮನ ಚೀಟಿ ನೆನಪಿಟ್ಟುಕೋ ಎಂದೆ. ಆ ಅಮ್ಮ ಚೀಟಿಯನ್ನು ಎರಡಾಗಿ ಮಡಚಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು.